ಹೊಣೆಗೆ ತಕ್ಕ ವೇತನ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ವೃತ್ತಿಗಳ ವಿಷಯದಲ್ಲಿಯೂ ಈ ಮಾತು ಸತ್ಯ. ವಿಮಾನದ ಪೈಲಟ್ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರ ಯಾವುದು? ಶುಭ್ರವಾದ ಸಮವಸ್ತ್ರ, ಭುಜದ ಮೇಲೆ ಹೊಳೆಯುವ ಪಟ್ಟಿಗಳು, ಮೋಡಗಳ ಮೇಲೆ ಹಾರುವ ಸೌಭಾಗ್ಯ, ಕೈತುಂಬ ಸಂಬಳ. ಈ ಚಿತ್ರ ಪೂರ್ತಿ ಸುಳ್ಳಲ್ಲ. ದೊಡ್ಡ ವಿಮಾನ ಸಂಸ್ಥೆಗಳಲ್ಲಿ ಹಲವು ವರ್ಷ ದುಡಿದ ಹಿರಿಯ ಪೈಲಟ್‌ಗಳು ಉತ್ತಮ ವೇತನವನ್ನೇ ಪಡೆಯುತ್ತಾರೆ. ಆದರೆ ಆ ಬೆಟ್ಟದ ಬುಡದಲ್ಲಿ ನಿಂತು ಮೊದಲ ಹೆಜ್ಜೆ ಇಡುವ ತರುಣ ತರುಣಿಯರ ಪಾಡೇನು? ಈ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಸಣ್ಣ ವಿಮಾನ ಸಂಸ್ಥೆಗಳು ಅವರಿಗೆ ಕೊಡುತ್ತಿದ್ದ ಸಂಬಳವನ್ನು ತಿಳಿದರೆ ಆಶ್ಚರ್ಯವಾಗದೆ ಇರದು. ಆ ಕಥೆ ಒಂದು ದೇಶದ್ದು, ಒಂದು ವೃತ್ತಿಯದು. ಅದರಿಂದ ಏಳುವ ಪ್ರಶ್ನೆ ಮಾತ್ರ ಎಲ್ಲ ದೇಶಗಳದು.

2009ರ ಫೆಬ್ರವರಿ 12ರ ರಾತ್ರಿ ನೆವಾರ್ಕ್ ನಗರದಿಂದ ಬಫಲೋ ನಗರಕ್ಕೆ ಹೊರಟಿದ್ದ ವಿಮಾನವೊಂದು ಇಳಿಯುವ ಮೊದಲೇ ಒಂದು ಮನೆಯ ಮೇಲೆ ಬಿದ್ದಿತು. ವಿಮಾನದಲ್ಲಿದ್ದ 49 ಮಂದಿಯೂ ಆ ಮನೆಯಲ್ಲಿದ್ದ ಒಬ್ಬರೂ ಪ್ರಾಣ ಕಳೆದುಕೊಂಡರು. ವಿಮಾನದ ವೇಗ ಅಪಾಯಕರವಾಗಿ ಕುಗ್ಗಿ ಎಚ್ಚರಿಕೆಯ ಸೂಚನೆ ಬಂದಾಗ ಕ್ಯಾಪ್ಟನ್ ಮಾಡಬೇಕಾದುದಕ್ಕೆ ವಿರುದ್ಧವಾದುದನ್ನು ಮಾಡಿದುದೇ ದುರಂತಕ್ಕೆ ಕಾರಣವೆಂದು ತನಿಖಾ ಮಂಡಳಿ ತೀರ್ಮಾನಿಸಿತು. ಆದರೆ ವಿಚಾರಣೆಯ ಕಾಲದಲ್ಲಿ ಇನ್ನೂ ಕೆಲವು ಸಂಗತಿಗಳು ಹೊರಬಿದ್ದವು. ಸಹಪೈಲಟ್ ಆಗಿದ್ದ ತರುಣಿ ಕೆಲಸಕ್ಕೆ ಹಾಜರಾಗಲು ಹಿಂದಿನ ರಾತ್ರಿಯೆಲ್ಲ ಬೇರೆ ವಿಮಾನಗಳಲ್ಲಿ ಕುಳಿತು, ದೇಶದ ಪಶ್ಚಿಮ ತೀರದಿಂದ ಪೂರ್ವ ತೀರಕ್ಕೆ ಬಂದಿದ್ದಳು. ಅವಳ ವಾರ್ಷಿಕ ವೇತನ ಸುಮಾರು 16,000 ಡಾಲರುಗಳೆಂದು ಮೊದಲು ಹೇಳಲಾಯಿತು. ಅದು ಇನ್ನೂ ಹೆಚ್ಚೆಂದು ಕಂಪನಿಯು ಅನಂತರ ತಿದ್ದಿತು. ತಿದ್ದಿದ ಅಂಕಿಯೂ 24,000 ಡಾಲರುಗಳನ್ನು ಮುಟ್ಟಲಿಲ್ಲ.

ಈ ಮೊತ್ತದ ಅರ್ಥವನ್ನು ಅಮೆರಿಕದ ಜೀವನದ ಅಳತೆಯಿಂದಲೇ ತಿಳಿಯಬೇಕು. 2009ರಲ್ಲಿ ನಾಲ್ವರ ಕುಟುಂಬಕ್ಕೆ ಅಲ್ಲಿನ ಸರ್ಕಾರ ಗೊತ್ತುಮಾಡಿದ್ದ ಬಡತನದ ರೇಖೆ 22,050 ಡಾಲರುಗಳು. ಅದೇ ವರ್ಷದ ಜುಲೈ ತಿಂಗಳಿನಿಂದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್ ಆಯಿತು. ವಾರಕ್ಕೆ 40 ಗಂಟೆಯಂತೆ ವರ್ಷಪೂರ್ತಿ ದುಡಿದರೆ, ಯಾವ ವಿಶೇಷ ಶಿಕ್ಷಣವೂ ಇಲ್ಲದ ಕೆಲಸಗಾರನಿಗೆ 15,080 ಡಾಲರ್ ದೊರೆಯುತ್ತಿತ್ತು. ಉಪಾಹಾರ ಗೃಹದಲ್ಲಿ ತಟ್ಟೆ ತೊಳೆಯುವವನ ಕೂಲಿಗೂ ಹತ್ತಾರು ಜೀವಗಳನ್ನು ಹೊತ್ತು ಹಿಮದ ರಾತ್ರಿಯಲ್ಲಿ ಹಾರುವವಳ ವೇತನಕ್ಕೂ ಅಂತರ ಇಷ್ಟೇ ಆಗಿತ್ತು. ತಟ್ಟೆ ತೊಳೆಯುವ ಕೆಲಸ ಕೀಳೆಂದು ಈ ಮಾತಿನ ಅರ್ಥವಲ್ಲ. ಆ ಕೆಲಸಗಾರನ ಕೈಯಿಂದ ಒಂದು ತಟ್ಟೆ ಜಾರಿದರೆ ಇನ್ನೊಂದನ್ನು ತರಬಹುದು. ಪೈಲಟ್‌ನ ಕೈ ಜಾರಿದರೆ ತರಲಾಗುವುದಿಲ್ಲ.

ಸಂಬಳ ಇಷ್ಟು ಇಳಿದುದಾದರೂ ಹೇಗೆ? 1978ರಲ್ಲಿ ಅಮೆರಿಕವು ವಿಮಾನಯಾನದ ದರ ಮತ್ತು ಮಾರ್ಗಗಳ ಮೇಲಿದ್ದ ಸರ್ಕಾರಿ ಹತೋಟಿಯನ್ನು ತೆಗೆಯುವ ಶಾಸನವನ್ನು ಮಾಡಿತು. ಪೈಪೋಟಿ ಬೆಳೆಯಿತು, ಪ್ರಯಾಣವೂ ಅಗ್ಗವಾಯಿತು. ಕಾಲಕ್ರಮದಲ್ಲಿ ದೊಡ್ಡ ಸಂಸ್ಥೆಗಳು ಸಣ್ಣ ಊರುಗಳ ಹಾರಾಟಗಳನ್ನು ಪ್ರಾದೇಶಿಕ ಸಂಸ್ಥೆಗಳಿಗೆ ಗುತ್ತಿಗೆಗೆ ಕೊಟ್ಟವು. ಟಿಕೇಟಿನ ಮೇಲೆ ದೊಡ್ಡ ಸಂಸ್ಥೆಯ ಹೆಸರು. ವಿಮಾನವನ್ನು ಹಾರಿಸುವುದು ಮಾತ್ರ ಸಣ್ಣ ಸಂಸ್ಥೆ. ಬಫಲೋ ಬಳಿ ಬಿದ್ದ ವಿಮಾನದ ಪ್ರಯಾಣಿಕರು ಕಾಂಟಿನೆಂಟಲ್ ಸಂಸ್ಥೆಯ ಹೆಸರಿನಲ್ಲಿ ಪ್ರಯಾಣ ಮಾಡುತ್ತಿದ್ದರು. ವಿಮಾನ ನಡೆಸುತ್ತಿದ್ದುದು ಕೋಲ್ಗನ್ ಏರ್ ಎಂಬ ಸಂಸ್ಥೆ. ಕಡಮೆ ದರ ಕೂಗಿದವರಿಗೆ ಗುತ್ತಿಗೆ ಸಿಗುವಾಗ ಖರ್ಚನ್ನು ಎಲ್ಲಿ ಉಳಿಸುವುದು? ಇಂಧನದ ಬೆಲೆ ಸಂಸ್ಥೆಯ ಕೈಯಲ್ಲಿಲ್ಲ, ವಿಮಾನದ ಬೆಲೆಯೂ ಇಲ್ಲ. ಕೈಗೆ ಎಟುಕುವುದು ಹೊಸಬರ ಸಂಬಳವೊಂದೇ.

ಸಂಬಳವನ್ನು ಲೆಕ್ಕ ಹಾಕುವ ರೀತಿಯೂ ಹೊಸಬರಿಗೆ ಅನುಕೂಲವಾಗಿರಲಿಲ್ಲ. ವಿಮಾನವು ನಿಲುಗಡೆಯ ತಾಣದಿಂದ ಕದಲಿದ ಕ್ಷಣದಿಂದ ಮತ್ತೆ ನಿಲ್ಲುವ ಕ್ಷಣದವರೆಗಿನ ಗಂಟೆಗಳಿಗೆ ಮಾತ್ರ ವೇತನ. ಹವಾಮಾನದ ವರದಿಯನ್ನು ಓದುವುದು, ವಿಮಾನವನ್ನು ಸುತ್ತಿ ಪರೀಕ್ಷಿಸುವುದು, ಮುಂದಿನ ಹಾರಾಟಕ್ಕಾಗಿ ನಿಲ್ದಾಣದಲ್ಲಿ ಕಾಯುವುದು, ಇವು ಆ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ದುಡಿದರೂ ಕೈಗೆ ಬರುತ್ತಿದ್ದುದು ಕೆಲವೇ ಗಂಟೆಗಳ ಹಣ. ಒಂದು ಸಂಸ್ಥೆಯನ್ನು ಬಿಟ್ಟು ಇನ್ನೊಂದನ್ನು ಸೇರಿದರೆ ಸೇವಾ ಹಿರಿತನವೆಲ್ಲ ಅಳಿಸಿಹೋಗಿ, ಏಣಿಯ ಕೊನೆಯ ಮೆಟ್ಟಿಲಿನಿಂದ ಮತ್ತೆ ಹತ್ತಬೇಕಾಗುತ್ತಿತ್ತು. ಜೊತೆಗೆ ತರಬೇತಿಗಾಗಿ ಮಾಡಿದ ಹತ್ತಾರು ಸಾವಿರ ಡಾಲರುಗಳ ಸಾಲ ಬೆನ್ನ ಮೇಲಿರುತ್ತಿತ್ತು.

ಇದಕ್ಕೆ ಸಂಸ್ಥೆಗಳ ಪರವಾಗಿ ಎರಡು ಸಮಾಧಾನಗಳನ್ನು ಹೇಳುವುದುಂಟು. ಮೊದಲ ವರ್ಷಗಳು ಕಲಿಕೆಯ ಕಾಲ, ಮುಂದೆ ಸಂಬಳ ತಾನಾಗಿ ಏರುತ್ತದೆ ಎಂಬುದು ಒಂದು. ಆದರೆ ಸಹಪೈಲಟ್ ಅಭ್ಯಾಸಕ್ಕೆ ಕುಳಿತ ವಿದ್ಯಾರ್ಥಿಯಲ್ಲ. ಕ್ಯಾಪ್ಟನ್ ಅಸ್ವಸ್ಥನಾದರೆ ಇಡೀ ವಿಮಾನವನ್ನು ನೆಲಕ್ಕಿಳಿಸಬೇಕಾದ ಅಧಿಕಾರಿ. ಆಗುಂಬೆಯ ಘಾಟಿಯನ್ನು ಇಳಿಯುವ ಬಸ್ಸಿನಲ್ಲಿ ಕುಳಿತವರಿಗೆ ಚಾಲಕನು ಕೆಲಸಕ್ಕೆ ಸೇರಿ ಒಂದು ವರ್ಷವಾಯಿತೋ ಇಪ್ಪತ್ತು ವರ್ಷವಾಯಿತೋ ಎಂಬುದರಿಂದ ಪ್ರಪಾತದ ಆಳವೇನೂ ಬದಲಾಗುವುದಿಲ್ಲ. ಹೊಣೆ ಮೊದಲ ದಿನದಿಂದಲೇ ಪೂರ್ಣವಾಗಿರುವಾಗ, ಗೌರವದಿಂದ ಬದುಕುವಷ್ಟು ವೇತನವೂ ಮೊದಲ ದಿನದಿಂದಲೇ ದೊರೆಯಬೇಕಲ್ಲವೆ?

ಅವರು ಇಷ್ಟಪಟ್ಟು ಬಂದವರು, ಯಾರೂ ಬಲವಂತ ಮಾಡಲಿಲ್ಲ ಎಂಬುದು ಎರಡನೆಯ ಸಮಾಧಾನ. ಇದರಲ್ಲಿ ಒಂದು ಸೂಕ್ಷ್ಮವಾದ ಅನ್ಯಾಯ ಅಡಗಿದೆ. ಹಾರಾಟದ ಮೇಲಿನ ಪ್ರೀತಿಯನ್ನೇ ಸಂಬಳದ ಒಂದು ಭಾಗವೆಂದು ಎಣಿಸಿ, ಅಷ್ಟನ್ನು ಕಳೆದು ಉಳಿದುದನ್ನು ಕೈಗಿಡುವ ಲೆಕ್ಕ ಇದು. ಆದರೆ ಪ್ರೀತಿಯಿಂದ ಮನೆಯ ಬಾಡಿಗೆ ತೀರುವುದಿಲ್ಲ; ರಾತ್ರಿಯ ನಿದ್ರೆಯೂ ಬರುವುದಿಲ್ಲ. ಬಫಲೋ ದುರಂತಕ್ಕೆ ಕಡಮೆ ಸಂಬಳವೇ ಕಾರಣವೆಂದು ತನಿಖಾ ಮಂಡಳಿ ಹೇಳಲಿಲ್ಲ; ನಾವೂ ಹಾಗೆ ಹೇಳಬಾರದು. ದಣಿವು ಪೈಲಟ್‌ಗಳ ದಕ್ಷತೆಯನ್ನು ಕುಗ್ಗಿಸಿರಬಹುದು, ಎಷ್ಟರಮಟ್ಟಿಗೆ ಎಂದು ನಿರ್ಧರಿಸಲಾಗದು ಎಂದಷ್ಟೇ ಅದು ಹೇಳಿತು. ಆದರೂ ಕೆಲಸದ ಊರಿನಲ್ಲಿ ಒಂದು ಕೋಣೆಯನ್ನು ಹಿಡಿಯಲಾರದ ಪೈಲಟ್ ನಿದ್ದೆಗೆಟ್ಟು ಬರುವ ಸಂಭವ ಹೆಚ್ಚೆಂಬುದನ್ನು ತಿಳಿಯಲು ತನಿಖೆಯೇ ಬೇಕೆ?

ಇದು ಹೊಸಬರ ಅಳಲು ಮಾತ್ರವಲ್ಲ. 2009ರ ಜನವರಿ 15ರಂದು ಹಕ್ಕಿಗಳ ಹಿಂಡಿಗೆ ಸಿಕ್ಕಿ ಎಂಜಿನುಗಳ ಶಕ್ತಿ ಕಳೆದುಕೊಂಡ ವಿಮಾನವನ್ನು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಇಳಿಸಿ 155 ಜನರನ್ನೂ ಉಳಿಸಿದ ಕ್ಯಾಪ್ಟನ್ ಚೆಸ್ಲಿ ಸಲ್ಲೆನ್‌ಬರ್ಗರ್ ಅವರನ್ನು ಜಗತ್ತು ಕೊಂಡಾಡಿತು. ಮರುತಿಂಗಳು ಅವರು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ನಿಂತು, ತಮ್ಮ ವೇತನ ಶೇಕಡ 40ರಷ್ಟು ಕಡಿತವಾಗಿದೆಯೆಂದೂ ತಮ್ಮ ಸಂಸ್ಥೆಯ ಪಿಂಚಣಿ ರದ್ದಾಗಿದೆಯೆಂದೂ ತಿಳಿಸಿದರು. ಹೀಗಾದರೆ ಸಮರ್ಥರು ಈ ವೃತ್ತಿಗೆ ಬರಲಾರರೆಂಬುದೇ ಅವರ ಮಾತಿನ ತಿರುಳಾಗಿತ್ತು.

ದುರಂತದಲ್ಲಿ ಮಡಿದವರ ಕುಟುಂಬಗಳ ಒತ್ತಾಯದ ಫಲವಾಗಿ 2010ರಲ್ಲಿ ಹೊಸ ಶಾಸನವೊಂದು ಬಂದಿತು. ಅದರಂತೆ 2013ರಿಂದ ಸಹಪೈಲಟ್ ಆಗಲು ಬೇಕಾದ ಹಾರಾಟದ ಅನುಭವ ಸಾಮಾನ್ಯವಾಗಿ 250 ಗಂಟೆಗಳಿಂದ 1,500 ಗಂಟೆಗಳಿಗೆ ಏರಿತು. 2014ರಿಂದ ವಿಶ್ರಾಂತಿಯ ನಿಯಮಗಳೂ ಬಿಗಿಯಾದವು. ಆದರೆ ಸಂಬಳದ ವಿಷಯವನ್ನು ಯಾವ ಶಾಸನವೂ ಮುಟ್ಟಲಿಲ್ಲ. 2016ರಲ್ಲಿ ರಿಪಬ್ಲಿಕ್ ಏರ್‌ವೇಸ್ ಎಂಬ ದೊಡ್ಡ ಪ್ರಾದೇಶಿಕ ಸಂಸ್ಥೆಯು ದಿವಾಳಿ ಕಾಯಿದೆಯ ಆಶ್ರಯ ಕೋರಿದಾಗ ಪೈಲಟ್‌ಗಳ ಕೊರತೆಯನ್ನೂ ಒಂದು ಕಾರಣವಾಗಿ ಹೇಳಿತು. ಕೊನೆಗೆ 2022ರಲ್ಲಿ ಅಮೆರಿಕನ್ ಏರ್‌ಲೈನ್ಸಿಗೆ ಸೇರಿದ ಪ್ರಾದೇಶಿಕ ಸಂಸ್ಥೆಗಳು ಹೊಸ ಸಹಪೈಲಟ್‌ಗಳ ವೇತನವನ್ನು ಗಂಟೆಗೆ 90 ಡಾಲರುಗಳಿಗೆ ಏರಿಸಿದವು. ಹಿಂದೆ ಹಲವೆಡೆ ಅದು ಗಂಟೆಗೆ 20 ಡಾಲರಿನ ಆಸುಪಾಸಿನಲ್ಲಿತ್ತು.

ಇದು ಸಂತೋಷದ ಸಂಗತಿಯೇ ಸರಿ. ಆದರೆ ಈ ಏರಿಕೆಯನ್ನು ತಂದುದು ನ್ಯಾಯಪ್ರಜ್ಞೆಯಲ್ಲ, ಅಭಾವ. ಅಭಾವದಿಂದ ಏರಿದುದು ಸಮೃದ್ಧಿ ಬಂದಾಗ ಮತ್ತೆ ಇಳಿಯಬಹುದು. ಸರಕಿನ ಬೆಲೆ ಹೀಗೆ ಏರಿಳಿದರೆ ಸಹಿಸಬಹುದು. ಪರರ ಪ್ರಾಣವನ್ನು ಕಾಯುವವರ ಜೀವನಾಧಾರ ಹೀಗೆ ಏರಿಳಿಯುವುದು ಒಳ್ಳೆಯದಲ್ಲ. ಅಗ್ಗದ ಟಿಕೇಟನ್ನು ಬಯಸುವ ನಾವೂ ಈ ಲೆಕ್ಕದಿಂದ ಹೊರಗಿಲ್ಲ. ನಾವು ಉಳಿಸಿದ ಹಣ ಯಾರ ಊಟದಿಂದ, ಯಾರ ನಿದ್ರೆಯಿಂದ ಬಂದಿತೆಂದು ಕೇಳಿಕೊಳ್ಳುವುದು ಪ್ರಯಾಣಿಕನ ಕರ್ತವ್ಯವೂ ಹೌದು.

ವಿದ್ಯಾರ್ಥಿಗಳೆ, ನಿಮ್ಮಲ್ಲಿ ಕೆಲವರು ಮುಂದೆ ಆಕಾಶಕ್ಕೆ ಏರಬಹುದು; ಕೆಲವರು ಇತರರಿಗೆ ಕೆಲಸ ಕೊಡುವ ಸ್ಥಾನದಲ್ಲಿ ಕೂರಬಹುದು. ನೀವು ಮೆಚ್ಚಿದ ವೃತ್ತಿಯನ್ನು ಮನಸಾರೆ ಪ್ರೀತಿಸಿರಿ. ಆದರೆ ಆ ಪ್ರೀತಿಯನ್ನು ಯಾರೂ ನಿಮ್ಮ ಸಂಬಳದಿಂದ ಕಳೆಯದಂತೆ ಎಚ್ಚರವಾಗಿರಿ. ನಾಳೆ ಸಂಬಳ ಕೊಡುವವರು ನೀವೇ ಆದಾಗ, ಹೊಸದಾಗಿ ಬಂದವರ ಹೊಣೆಯನ್ನು ಮೊದಲು ತೂಗಿ, ಆಮೇಲೆ ಅವರ ವೇತನವನ್ನು ಗೊತ್ತುಮಾಡಿರಿ.