ಬಿಸಿಲಿನ ಕುರಿತು ಬರೆಯುವವರಿಗೆ ನಾಲ್ಕು ಮಾತು

ಏಪ್ರಿಲ್ ತಿಂಗಳು ಹುಟ್ಟಿತೆಂದರೆ ನಮ್ಮ ಪತ್ರಿಕೆಗಳಲ್ಲಿ ಎರಡು ಚಿತ್ರಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ: ರಸ್ತೆಬದಿಯ ಕಲ್ಲಂಗಡಿ ಹಣ್ಣಿನ ರಾಶಿ ಮತ್ತು ಕೊಡೆ ಹಿಡಿದು ನಡೆಯುವ ಕಾಲೇಜು ಹುಡುಗಿಯರು. ಕೆಳಗೆ ರಾಯಚೂರಿನಲ್ಲಿ ಇಷ್ಟು ಡಿಗ್ರಿ, ಕಲಬುರಗಿಯಲ್ಲಿ ಇಷ್ಟು ಡಿಗ್ರಿ ಎಂಬ ಅಂಕಿ. ಅಲ್ಲಿಗೆ ಬಿಸಿಲಿನ ವರದಿ ಮುಗಿಯಿತು! ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಪತ್ರಿಕೆಗಳಿಗೆ ಬರೆಯುತ್ತಾರೆ, ಹಲವರು ಪಾಠ ಹೇಳುತ್ತಾರೆ. ಅವರಿಗಾಗಿ ಈ ನಾಲ್ಕು ಮಾತು.

ಮೊದಲನೆಯದು ಸಾವಿನ ವಿಷಯ. ನೆರೆ ಬಂದರೆ ಮನೆ ಕುಸಿದದ್ದು ಕಣ್ಣಿಗೆ ಕಾಣುತ್ತದೆ. ಬಿಸಿಲು ಹಾಗಲ್ಲ. ಹೃದಯದ ಕಾಯಿಲೆಯವರು, ಮೂತ್ರಪಿಂಡ ದುರ್ಬಲವಾದವರು, ವಯೋವೃದ್ಧರು ತಮ್ಮ ಮನೆಯೊಳಗೇ ತೀರಿಕೊಳ್ಳುತ್ತಾರೆ; ಮರಣಪತ್ರದಲ್ಲಿ ಬಿಸಿಲಿನ ಹೆಸರು ಇರುವುದೇ ಅಪರೂಪ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ತಾಪ 46.8 ಡಿಗ್ರಿ ಮುಟ್ಟಿತು. ಸಂಶೋಧಕರು ಆ ತಿಂಗಳ ಒಟ್ಟು ಸಾವುಗಳನ್ನು ಹಿಂದುಮುಂದಿನ ವರ್ಷಗಳ ಮೇ ತಿಂಗಳೊಡನೆ ಹೋಲಿಸಿದಾಗ 1,344 ಸಾವುಗಳು ಹೆಚ್ಚಾಗಿದ್ದವು. ಆ ಬೇಸಿಗೆಯ ಅನುಭವದಿಂದಲೇ 2013ರಲ್ಲಿ ಆ ನಗರವು ಮುನ್ನೆಚ್ಚರಿಕೆ, ವೈದ್ಯರ ತರಬೇತಿ, ಕುಡಿಯುವ ನೀರಿನ ಏರ್ಪಾಡುಗಳನ್ನೊಳಗೊಂಡ ಯೋಜನೆಯೊಂದನ್ನು ಜಾರಿಗೆ ತಂದಿತು. ಎಣಿಸದ ಸಾವಿಗೆ ಯಾವ ಸರ್ಕಾರ ತಾನೇ ಯೋಜನೆ ಮಾಡೀತು?

ಎರಡನೆಯದು ಅಂಕಿಯ ವಿಷಯ. ಹವಾಮಾನ ಇಲಾಖೆ ಕೊಡುವ ತಾಪಮಾನವು ಗಾಳಿಯಾಡುವ ಬಿಳಿಯ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ಅಳೆದದ್ದು. ಡಾಂಬರು ಹಾಕುವ ಕೂಲಿಯವನಿಗೆ, ತಗಡಿನ ಸೂರಿನಡಿ ಮಲಗಿದ ಬಾಣಂತಿಗೆ ಆ ಅಂಕಿ ಸಲ್ಲುವುದಿಲ್ಲ ಎಂದು ಓದುಗರಿಗೆ ಹೇಳಬೇಕು. ಹಾಗೆಂದು ಉತ್ಪ್ರೇಕ್ಷೆಯೂ ಸಲ್ಲದು. 2024ರ ಮೇ ತಿಂಗಳಲ್ಲಿ ದೆಹಲಿಯ ಮುಂಗೇಶಪುರದಲ್ಲಿ 52.9 ಡಿಗ್ರಿ ದಾಖಲಾಯಿತೆಂಬ ಸುದ್ದಿ ಜಗತ್ತಿನಾದ್ಯಂತ ಹರಡಿತು. ಅಲ್ಲಿಯ ಉಪಕರಣವು ಸುಮಾರು 3 ಡಿಗ್ರಿ ಹೆಚ್ಚು ತೋರಿಸುತ್ತಿತ್ತೆಂದು ಹವಾಮಾನ ಇಲಾಖೆ ಕೆಲವೇ ದಿನಗಳಲ್ಲಿ ತಿಳಿಸಿತು. ಮೊದಲ ಸುದ್ದಿ ತಲುಪಿದ ಎಲ್ಲರಿಗೂ ತಿದ್ದುಪಡಿ ತಲುಪುವುದಿಲ್ಲ. ತಲುಪಿದವರು ಮುಂದಿನ ನಿಜವಾದ ಎಚ್ಚರಿಕೆಯನ್ನೂ ನಂಬುವುದಿಲ್ಲ.

ಮೂರನೆಯದು ಭಾಷೆ. ‘ಉಷ್ಣ ಅಲೆ’ ಎಂಬ ಅನುವಾದ ಓದಿದಾಗ ನಮ್ಮ ಜನಕ್ಕೆ ಮೈಯಲ್ಲಿ ಏನೂ ಅನ್ನಿಸುವುದಿಲ್ಲ. ಕನ್ನಡದಲ್ಲಿ ಬಿಸಿಲು, ಝಳ, ಧಗೆ, ಸೆಕೆ, ಬೇಗೆ, ಕಾವು ಎಂದು ಎಷ್ಟೊಂದು ಮಾತುಗಳಿಲ್ಲ! ಬಯಲುಸೀಮೆಯ ಝಳವೇ ಬೇರೆ, ಕರಾವಳಿಯ ಸೆಕೆಯೇ ಬೇರೆ. ಮಣ್ಣಿನ ಹೂಜಿಯ ನೀರು ರಾಯಚೂರಿನ ಬೇಸಿಗೆಯಲ್ಲಿ ತಣ್ಣಗಾಗುವಷ್ಟು ಮಂಗಳೂರಿನಲ್ಲಿ ಆಗುವುದಿಲ್ಲ. ಹೂಜಿಯಿಂದ ಒಸರಿದ ನೀರು ಆವಿಯಾದರೆ ತಾನೇ ತಂಪು? ಗಾಳಿಯೇ ತೇವದಿಂದ ತುಂಬಿದ್ದರೆ ಆವಿಯಾಗುವುದು ನಿಧಾನ. ನಮ್ಮ ದೇಹವೂ ಅಂಥದೊಂದು ಹೂಜಿಯೇ. ಬೆವರು ಆರದಿದ್ದರೆ ಒಳಗಿನ ಕಾವು ಇಳಿಯದು. ಒದ್ದೆ ಬಟ್ಟೆ ಸುತ್ತಿದ ತಾಪಮಾಪಕವು 35 ಡಿಗ್ರಿ ತೋರಿಸಿದರೆ ಆರೋಗ್ಯವಂತನೂ ನೆರಳಿನಲ್ಲಿ ಹೆಚ್ಚು ಹೊತ್ತು ಬದುಕಲಾರನೆಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. 2022ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ತರುಣರ ಮೇಲೆ ನಡೆದ ಪ್ರಯೋಗದಲ್ಲಿ, ತೇವವಿರುವ ಗಾಳಿಯಲ್ಲಿ ಸುಮಾರು 31 ಡಿಗ್ರಿಗೇ ದೇಹದ ಕಾವು ಏರತೊಡಗಿತು. ಆದ್ದರಿಂದಲೇ ಬಯಲಿನಲ್ಲಿ 40 ಡಿಗ್ರಿ ಮುಟ್ಟದೆ ಬಿಸಿಗಾಳಿಯ ಘೋಷಣೆ ಪರಿಗಣಿಸದ ಇಲಾಖೆ, ಕರಾವಳಿಗೆ 37 ಡಿಗ್ರಿಯ ಮಿತಿ ಇಟ್ಟಿದೆ.

ನಾಲ್ಕನೆಯದು, ನಮ್ಮ ಬಂಧುವರ್ಗದ ಹಿರಿಯರು ತಪ್ಪದೆ ಎತ್ತುವ ಪ್ರಶ್ನೆ: “ನಮ್ಮ ಕಾಲದಲ್ಲೂ ಬಿಸಿಲಿತ್ತಲ್ಲವೇ?” ಇತ್ತು, ನಿಜ. 1901ರಿಂದ 2018ರವರೆಗೆ ಭಾರತದ ಸರಾಸರಿ ತಾಪ ಏರಿದ್ದು ಸುಮಾರು 0.7 ಡಿಗ್ರಿ ಮಾತ್ರ. ಇಷ್ಟಕ್ಕೇ ಏಕೆ ಗಾಬರಿ? ನೂರು ಮಕ್ಕಳ ತರಗತಿಯನ್ನು ನೆನೆಯಿರಿ. ಪ್ರತಿಯೊಬ್ಬರಿಗೂ ಐದೈದು ಅಂಕ ಹೆಚ್ಚು ಕೊಟ್ಟರೆ ಸರಾಸರಿ ಏರುವುದು ಐದೇ ಅಂಕ. ಆದರೆ ತೊಂಬತ್ತು ದಾಟಿದವರು ಇಬ್ಬರಿದ್ದದ್ದು ಏಳೆಂಟು ಮಂದಿಯಾಗಬಹುದು. ಬಿಸಿಲಿನ ಲೆಕ್ಕವೂ ಹೀಗೆಯೇ. ಸರಾಸರಿಯ ಸಣ್ಣ ಏರಿಕೆಯಿಂದ ಅಪರೂಪದ ಉರಿದಿನಗಳು ಮೇಲಿಂದ ಮೇಲೆ ಬರುತ್ತವೆ. ಕಲ್ಲಿದ್ದಲು, ಪೆಟ್ರೋಲು ಸುಟ್ಟು ನಾವು ಗಾಳಿಗೆ ಸೇರಿಸಿದ ಇಂಗಾಲದ ಡೈಆಕ್ಸೈಡ್ ಈ ಏರಿಕೆಗೆ ಮುಖ್ಯ ಕಾರಣ. ಒಂದು ದಿನದ ಬಿಸಿಲನ್ನು ಹಿಡಿದು ಪ್ರಳಯವೆಂದು ಕೂಗುವುದೂ ತಪ್ಪು, ಒಂದು ಮಳೆ ಬಂದೊಡನೆ ಎಲ್ಲವೂ ಸುಳ್ಳೆನ್ನುವುದೂ ತಪ್ಪು.

ಇನ್ನೊಂದು ಪ್ರಶ್ನೆಯನ್ನು ಬರೆಯುವವರು ಕೇಳಲೇಬೇಕೆಂದು ನನ್ನ ಅಭಿಪ್ರಾಯ. ಕಲಬುರಗಿ ವಿಭಾಗದಲ್ಲಿಯೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಬೇಸಿಗೆಗೆಂದು ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿಯಿದೆ. ಒಳ್ಳೆಯದೇ. ಆದರೆ ಫ್ಯಾನಿನ ಕೆಳಗೆ ಕುಳಿತ ಗುಮಾಸ್ತನಿಗೆ ದೊರೆತ ಈ ವಿನಾಯಿತಿ ಇಟ್ಟಿಗೆ ಹೊರುವವಳಿಗೆ ಏಕಿಲ್ಲ? ಅವಳು ಮಧ್ಯಾಹ್ನ ಕೆಲಸ ನಿಲ್ಲಿಸಿದರೆ ಅರ್ಧ ಕೂಲಿ ಹೋಗುತ್ತದೆ. ಮಧ್ಯಾಹ್ನ ಹೊರಗೆ ಹೋಗಬೇಡಿ ಎಂಬ ನಮ್ಮ ಉಪದೇಶ ಅವಳಿಗಾಗಿ ಬರೆದದ್ದಲ್ಲ.

1995ರ ಜುಲೈನಲ್ಲಿ ಷಿಕಾಗೋ ನಗರದಲ್ಲಿ ಬಿಸಿಲಿಗೆ ಏಳುನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳ ಮಂದಿ ಒಂಟಿಯಾಗಿದ್ದ ವೃದ್ಧರು. ನಮ್ಮ ಊರುಗಳಲ್ಲಿಯೂ ಮಕ್ಕಳೆಲ್ಲ ದೂರದ ನಗರಗಳಲ್ಲಿರುವ ಮನೆಗಳು ಈಗ ಎಷ್ಟಿಲ್ಲ? ಬರೆಯುವವರು ಬರೆಯಲಿ, ಓದುವವರು ಈ ಬೇಸಿಗೆಯ ಮಧ್ಯಾಹ್ನಗಳಲ್ಲಿ ಊರಿನ ಅಜ್ಜ, ಅಜ್ಜಿ, ದೊಡ್ಡಮ್ಮಂದಿರಿಗೆ ಒಂದು ಫೋನು ಮಾಡಿ, ನೀರು ಕುಡಿದಿರಾ ಎಂದು ವಿಚಾರಿಸಲಿ. ಉತ್ತರ ಬಾರದಿದ್ದರೆ ಪಕ್ಕದ ಮನೆಯವರನ್ನು ಕಳುಹಿಸಿ ನೋಡಲಿ.