ಜಾತ್ರೆ ಅಂಗಡಿಯ ಹಕ್ಕಿಗೂ ಕಾನೂನಿದೆ



ದೀಪಾವಳಿ ಕಳೆದದ್ದೇ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಜಾತ್ರೆ, ನೇಮ, ಕಂಬಳಗಳ ಕಾಲ. ಬಳೆ, ಬಲೂನು, ಚರುಂಬುರಿ ಅಂಗಡಿಗಳ ಸಾಲಿನಲ್ಲಿ ಬಣ್ಣದ ಹಕ್ಕಿಗಳ ಗೂಡುಗಳೂ ಬಂದು ಕೂರುವುದುಂಟು. ಅವುಗಳಲ್ಲಿ ಹೆಚ್ಚಿನವು ಲವ್ ಬರ್ಡ್ಸ್. ‘ಹಾಡುವ ಹಕ್ಕಿ’ ಎಂಬ ಹೆಸರಿಗೆ ಮರುಳಾಗಿ ಹಳದಿ ಕ್ಯಾನರಿ ಕೇಳುವವರೂ ಇದ್ದಾರೆ. ನಮ್ಮ ದೇಶದ ಗಿಳಿಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೆಂದು ಈಗ ಬಹಳ ಮಂದಿಗೆ ಗೊತ್ತು. ಕ್ಯಾನರಿ ಹೊರದೇಶದ ಹಕ್ಕಿ, ನೂರಾರು ವರ್ಷಗಳಿಂದ ಗೂಡಿನಲ್ಲೇ ವಂಶ ಬೆಳೆಸಿಕೊಂಡು ಬಂದದ್ದು; ಅದಕ್ಕೆ ಆ ಅಡ್ಡಿಯಿಲ್ಲ. ಅಡ್ಡಿಯಿಲ್ಲವೆಂದ ಮೇಲೆ ಹೊಣೆಯೂ ಇಲ್ಲ ಎಂದು ಮಾರುವವರು, ಕೊಳ್ಳುವವರು, ಅಂಗಡಿಗೆ ಜಾಗ ಕೊಡುವ ಸ್ಥಳೀಯಾಡಳಿತ ಎಲ್ಲರೂ ನಂಬಿದಂತಿದೆ. ನನ್ನ ತಕರಾರು ಈ ನಂಬಿಕೆಯ ಬಗ್ಗೆ.

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಯಾವುದೇ ಪ್ರಾಣಿಯನ್ನು ಅದರ ಸಹಜ ಚಲನೆಗೆ ಎಡೆಯಿಲ್ಲದಷ್ಟು ಕಿರಿದಾದ ಗೂಡಿನಲ್ಲಿಡುವುದು ಕ್ರೌರ್ಯ. ಅದೇ ಕಾಯ್ದೆಯಡಿ 2018ರಲ್ಲಿ ಬಂದ ಸಾಕುಪ್ರಾಣಿ ಅಂಗಡಿ ನಿಯಮಗಳು ಮಾರಾಟಗಾರರ ನೋಂದಣಿಯನ್ನು ಕಡ್ಡಾಯ ಮಾಡಿವೆ. ಅಂಗಡಿ ನೀರು, ವಿದ್ಯುತ್ತಿರುವ ಖಾಯಂ ಕಟ್ಟಡದಲ್ಲಿರಬೇಕು ಎನ್ನುತ್ತವೆ. ಹೀಗಿರುವಾಗ ಟಾರ್ಪಾಲು ಹೊದೆಸಿದ ಜಾತ್ರೆ ಅಂಗಡಿಯಲ್ಲಿ, ಧ್ವನಿವರ್ಧಕದ ಅಡಿಯಲ್ಲಿ, ಅಂಗೈಯಗಲದ ಗೂಡಿನಲ್ಲಿ ಹಕ್ಕಿ ಮಾರಾಟ ಹೇಗೆ ನಡೆಯುತ್ತದೆ? ಪ್ರಾಣಿಹಿಂಸೆಯ ಚರ್ಚೆ ನಮ್ಮ ಊರುಗಳಿಗೆ ಹೊಸತಲ್ಲ. ಜಲ್ಲಿಕಟ್ಟು ಕುರಿತ 2014ರ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿ, 2017ರ ರಾಜ್ಯ ತಿದ್ದುಪಡಿ ಬಂದು, ಅದನ್ನು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎತ್ತಿಹಿಡಿಯುವವರೆಗೆ ಕೋಣದ ಮೈಮೇಲಿನ ಬೆತ್ತದ ಬಗ್ಗೆ ನಾವು ವರ್ಷಗಟ್ಟಲೆ ವಾದಿಸಿದೆವು. ಕೋಣವನ್ನು ಮಗನಂತೆ ಸಾಕುತ್ತೇವೆಂಬ ನಮ್ಮ ವಾದಕ್ಕೆ ಬೆಲೆ ಬರಬೇಕಾದರೆ, ಅದೇ ಕಂಬಳಗದ್ದೆಯ ಬದಿಯಲ್ಲಿ ಮಾರಾಟವಾಗುವ ಹಕ್ಕಿಯ ಪಾಡೂ ನಮ್ಮ ಕಣ್ಣಿಗೆ ಬೀಳಬೇಕು.

ಕ್ಯಾನರಿಯ ಅಗತ್ಯಗಳು ದೊಡ್ಡವಲ್ಲ, ಆದರೆ ಖಚಿತ. ಅದು ಅಡ್ಡಡ್ಡ ಹಾರುವ ಹಕ್ಕಿ. ಎತ್ತರದ ದುಂಡು ಗೂಡು ನೋಟಕ್ಕೆ ಚೆಂದವೇ ಹೊರತು ಹಾರಲು ಆಗದು. ಕನಿಷ್ಠ ಎರಡು ಅಡಿ ಉದ್ದದ ಗೂಡು, ಕೂರಲು ದಪ್ಪ ತೆಳುವಿನ ಎರಡು ಮೂರು ಪೇರಳೆ ಕಡ್ಡಿ, ಕಾಳಿನ ಜೊತೆಗೆ ತೊಳೆದ ಹರಿವೆ ಸೊಪ್ಪು, ಆಗೊಮ್ಮೆ ಈಗೊಮ್ಮೆ ಬೇಯಿಸಿದ ಮೊಟ್ಟೆ, ಮೀಯಲು ತಟ್ಟೆ ನೀರು ಬೇಕು. ನಮ್ಮಲ್ಲಿ ಮನೆಮಂದಿಯೆಲ್ಲ ತಿನ್ನುವ ಬೆಣ್ಣೆಹಣ್ಣು ಹಕ್ಕಿಗೆ ವಿಷ. ಹಾಡುವುದು ಮುಖ್ಯವಾಗಿ ಗಂಡು. ಪುಕ್ಕ ಉದುರುವ ಕಾಲದಲ್ಲಿ ಅದೂ ಸುಮ್ಮನಾಗುತ್ತದೆ. ಇದನ್ನು ತಿಳಿಯದವರು ರೋಗವೆಂದು ಕಂಡ ಕಂಡ ಟಾನಿಕ್ ಕುಡಿಸುತ್ತಾರೆ. ‘ಒಂಟಿಯಾದರೆ ಕೊರಗುತ್ತದೆ, ಜೋಡಿ ಒಯ್ಯಿರಿ’ ಎಂಬ ಮಾತು ಗುಂಪಿನಲ್ಲಿ ಬದುಕುವ ಲವ್ ಬರ್ಡ್ಸ್‌ಗೆ ಸರಿ. ಎರಡು ಗಂಡು ಕ್ಯಾನರಿ ಒಂದೇ ಗೂಡಿನಲ್ಲಿದ್ದರೆ ಕಾದಾಡಿ ಗಾಯಗೊಳ್ಳುತ್ತವೆ. ಒಳ್ಳೆಯ ಆರೈಕೆಯಿದ್ದರೆ ಒಂದೇ ಹಕ್ಕಿ ಹತ್ತು ವರ್ಷ ನೆಮ್ಮದಿಯಿಂದ ಬಾಳಬಲ್ಲದು.

ನಿಜವಾದ ಪರೀಕ್ಷೆ, ಜಾತ್ರೆಗಳ ಕಾಲ ಮುಗಿಯುವ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ. ಅಡಕೆಯ ಕೊಳೆರೋಗ ಕಂಡ ರೈತನಿಗೆ ಥಂಡಿಯಲ್ಲಿ ಕಾಳಿಗೆ ಬೂಸ್ಟು ಬರುವುದನ್ನು ವಿವರಿಸಬೇಕಿಲ್ಲ. ಆ ಬೂಸ್ಟು ಹಕ್ಕಿಯ ಶ್ವಾಸಕೋಶಕ್ಕೇ ಇಳಿಯುತ್ತದೆ. ಜಗಲಿಯಲ್ಲಿ ತೂಗುಹಾಕಿದರೆ ಇರಚಲು, ಬೆಕ್ಕು, ಹಾವು; ಒಳಗೆ ತಂದರೆ ಬಚ್ಚಲೊಲೆಯ ಹೊಗೆ, ಸೊಳ್ಳೆ ಕಾಯಿಲ್. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ವಿಷಾನಿಲದ ಮುನ್ಸೂಚನೆಗೆ 1986ರವರೆಗೂ ಬಳಸಿದ್ದು ಇದೇ ಕ್ಯಾನರಿಯನ್ನು, ಮನುಷ್ಯರಿಗಿಂತ ಮೊದಲು ಅದು ಕುಸಿಯುತ್ತದೆಂಬ ಕಾರಣಕ್ಕೆ. ಅಂಥ ಹಕ್ಕಿಯ ಬಳಿ ಕಾಯಿಲ್ ಹಚ್ಚುವುದು ಸಲ್ಲದು. ಹಾಗೆಂದು ಸೊಳ್ಳೆಯನ್ನು ಬಿಡುವಂತೆಯೂ ಇಲ್ಲ. ಕ್ಯಾನರಿಯ ಸಿಡುಬನ್ನು ಹರಡುವುದು ಅದೇ. ಪರಿಹಾರ ಗೂಡಿಗೊಂದು ಸೊಳ್ಳೆಪರದೆ. ಇಷ್ಟನ್ನು ಕೊಳ್ಳುವಾಗಲೇ ಹೇಳುವವರಿಲ್ಲ.

‘ಇಷ್ಟು ಕಷ್ಟವಾದರೆ ಎಲ್ಲವನ್ನೂ ಹಾರಿಬಿಡಿ’ ಎನ್ನುವವರಿದ್ದಾರೆ. ಗೂಡಿನಲ್ಲೇ ಹುಟ್ಟಿದ ಹಳದಿ ಹಕ್ಕಿಯನ್ನು ಇಲ್ಲಿನ ಗುಡ್ಡದಲ್ಲಿ ಬಿಟ್ಟರೆ ಅದು ಕಾಗೆ, ಗಿಡುಗನ ಪಾಲು, ಅದು ಬಿಡುಗಡೆಯಲ್ಲ. ‘ಕಾಡಾನೆ ತೋಟ ತುಳಿಯುವಾಗ ಕ್ಯಾನರಿಯ ಚಿಂತೆಯೇ?’ ಎಂಬ ಪ್ರಶ್ನೆಯೂ ಬರಬಹುದು. ಆನೆಯ ಸಮಸ್ಯೆಗೆ ಕೋಟಿಗಟ್ಟಲೆ ಹಣ, ಹತ್ತಾರು ವರ್ಷ ಬೇಕು. ಇದಕ್ಕೆ ಬೇಕಾದುದು ಪರವಾನಗಿ ಪತ್ರದಲ್ಲಿ ಒಂದು ಸಾಲು. ಬಡ ವ್ಯಾಪಾರಿಯ ಹೊಟ್ಟೆಪಾಡಿನ ಮಾತು ಇವೆರಡಕ್ಕಿಂತ ತೂಕದ್ದು. ಅವರನ್ನು ಓಡಿಸಬೇಕಿಲ್ಲ: ಜಾತ್ರೆಯಲ್ಲಿ ಗೂಡು, ಕಾಳು, ಪರದೆ ಮಾರಲಿ, ಜೀವಂತ ಹಕ್ಕಿಯ ಮಾರಾಟ ಮಾತ್ರ ನೋಂದಾಯಿತ ಅಂಗಡಿಯಲ್ಲಿ ನಡೆಯಲಿ.

ಬಂಟ್ವಾಳ ಮತ್ತು ಮೂಡುಬಿದಿರೆ ಪುರಸಭೆಗಳು, ಬೆಳ್ತಂಗಡಿ ಪಟ್ಟಣ ಪಂಚಾಯತ್ ಹಾಗೂ ಗ್ರಾಮ ಪಂಚಾಯತ್‌ಗಳು ಈ ಷರತ್ತನ್ನು ಮುಂದಿನ ಜಾತ್ರೆಗಳ ಅಂಗಡಿ ಏಲಂಗೆ ಮೊದಲೇ ಸೇರಿಸಲಿ. ನೋಂದಾಯಿತ ಅಂಗಡಿಯವರು ಪ್ರತಿ ಹಕ್ಕಿಯ ಜೊತೆ ಆರೈಕೆಯ ವಿವರವಿರುವ ಒಂದು ಪುಟದ ಕನ್ನಡ ಚೀಟಿ ಕೊಡಬೇಕೆಂದು ಪಶುಸಂಗೋಪನಾ ಇಲಾಖೆ ಸೂಚಿಸಲಿ, ಚೀಟಿಯನ್ನು ಇಲಾಖೆಯ ಪಶುವೈದ್ಯರೇ ಬರೆದುಕೊಡಲಿ. ಇದಕ್ಕೆ ಹೊಸ ಕಾನೂನು ಬೇಡ, ಇರುವುದನ್ನು ಓದಿ ಜಾರಿಗೊಳಿಸಿದರೆ ಸಾಕು.

— ಓರ್ವ ಓದುಗ, ಬಿ.ಸಿ.ರೋಡ್, ಬಂಟ್ವಾಳ