ಬಂದರುಗಳ ಎಣಿಕೆಯೂ ಪ್ರವಾಸದ ಫಲವೂ

“ದೇಶ ಸುತ್ತು, ಕೋಶ ಓದು” ಎಂಬ ನಾಣ್ಣುಡಿ ಕನ್ನಡಿಗರೆಲ್ಲರ ನಾಲಗೆಯ ಮೇಲಿದೆ. ಅದರಲ್ಲಿ ಸುತ್ತುವುದನ್ನೂ ಓದುವುದನ್ನೂ ಸಮಾನ ಸ್ಥಾನದಲ್ಲಿ ಇರಿಸಿರುವುದು ಗಮನಾರ್ಹವಾದುದು. ಪುಟಗಳನ್ನು ಮಗುಚಿದ ಮಾತ್ರಕ್ಕೆ ಒಬ್ಬನು ಕೋಶವನ್ನು ಓದಿದವನಾಗುವುದಿಲ್ಲ. ಅಂತೆಯೇ ಊರುಗಳ ಹೆಸರನ್ನು ಎಣಿಸಿದ ಮಾತ್ರಕ್ಕೆ ದೇಶವನ್ನು ಸುತ್ತಿದವನೂ ಆಗಲಾರನು. ಭೂಮಧ್ಯ ಸಮುದ್ರವೆನಿಸಿದ ಮೆಡಿಟರೇನಿಯನ್ ಕಡಲಿನಲ್ಲಿ ಬೃಹತ್ತಾದ ವಿಹಾರನೌಕೆಯನ್ನೇರಿ, ದಿನಕ್ಕೊಂದು ಬಂದರಿನಂತೆ ವಾರದೊಳಗೆ ಐದಾರು ಊರುಗಳನ್ನು ಕಂಡು ಬರುವ ಪದ್ಧತಿ ಈಗ ಬಹು ಜನಪ್ರಿಯವಾಗಿದೆ. ಜೀವಮಾನದ ಉಳಿತಾಯದಲ್ಲಿ ಒಂದು ಪಾಲನ್ನು ವ್ಯಯಮಾಡಿ ಕನ್ನಡ ನಾಡಿನಿಂದಲೂ ಹಿರಿಯರು ಇಂಥ ಪ್ರವಾಸಕ್ಕೆ ಹೊರಡುವುದುಂಟು. ಆದುದರಿಂದ ಇದರ ಗುಣದೋಷಗಳನ್ನು ತೂಗಿ ನೋಡುವುದು ಉಚಿತ.

ಈ ಪದ್ಧತಿ ಇಂದು ನಿನ್ನೆಯದಲ್ಲ. ಆಂಗ್ಲ ಕಾದಂಬರಿಕಾರ ಥ್ಯಾಕರೆಯು 1844ರಲ್ಲಿಯೇ ಹಡಗಿನ ಕಂಪನಿಯೊಂದರ ಆತಿಥ್ಯದಲ್ಲಿ ಲಿಸ್ಬನ್, ಅಥೆನ್ಸ್, ಕಾನ್ಸ್ಟಾಂಟಿನೋಪಲ್‌ಗಳನ್ನು ಕಂಡು ಕೈರೋವರೆಗೆ ಹೋಗಿಬಂದು, ಆ ಕುರಿತು ಗ್ರಂಥ ಬರೆದನು. ಅಮೆರಿಕದ ಮಾರ್ಕ್ ಟ್ವೇನ್ 1867ರಲ್ಲಿ ‘ಕ್ವೇಕರ್ ಸಿಟಿ’ ಎಂಬ ಹಡಗಿನಲ್ಲಿ ಇದೇ ಕಡಲನ್ನು ಸುತ್ತಿದನು. ಸಾಂಕ್ರಾಮಿಕ ರೋಗದ ಭಯದಿಂದ ಅಥೆನ್ಸಿನ ಬಂದರಿನಲ್ಲಿ ಯಾರೂ ಇಳಿಯಬಾರದೆಂಬ ಕಟ್ಟಾಜ್ಞೆ ಇದ್ದಾಗ, ಅವನೂ ಮೂವರು ಸಂಗಡಿಗರೂ ರಾತ್ರಿಯಲ್ಲಿ ಕದ್ದು ದಡಕ್ಕಿಳಿದು ಬೆಳುದಿಂಗಳಿನಲ್ಲಿ ಪಾರ್ಥೆನಾನ್ ದೇಗುಲವನ್ನು ನೋಡಿ ಬಂದರು. 1891ರ ಜನವರಿಯಲ್ಲಿ ಜರ್ಮನಿಯ ಹಡಗುದ್ಯಮಿ ಆಲ್ಬರ್ಟ್ ಬಾಲಿನ್ ಎಂಬಾತನು ‘ಆಗಸ್ಟಾ ವಿಕ್ಟೋರಿಯಾ’ ನೌಕೆಯಲ್ಲಿ 241 ಪ್ರಯಾಣಿಕರನ್ನು ಸುಮಾರು ಎರಡು ತಿಂಗಳ ವಿಹಾರಕ್ಕೆ ಕರೆದೊಯ್ದನು. ಚಳಿಗಾಲದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟುವ ಪ್ರಯಾಣಿಕರು ಕಡಮೆಯಾಗಿ ಹಡಗುಗಳು ಬರಿದೆ ನಿಲ್ಲುತ್ತಿದ್ದುದೇ ಆತನ ಯೋಜನೆಗೆ ಕಾರಣ. ಆಧುನಿಕ ವಿಹಾರಯಾನದ ಮೊದಲನ್ನು ಅನೇಕರು ಅಲ್ಲಿಯೇ ಗುರುತಿಸುತ್ತಾರೆ.

ಅಂದಿನ 241ನ್ನು ಇಂದಿನ ಲೆಕ್ಕದೊಡನೆ ಇಟ್ಟು ನೋಡಬೇಕು. 2022ರಲ್ಲಿ ಸೇವೆಗೆ ಬಂದ ‘ಎಂಎಸ್‌ಸಿ ವರ್ಲ್ಡ್ ಯುರೋಪಾ’ ಎಂಬ ನೌಕೆಯ ಉದ್ದ ಸುಮಾರು 333 ಮೀಟರ್. ಅದರ ಪ್ರಮಾಣ 2,15,000 ಗ್ರಾಸ್ ಟನ್ನಿಗೂ ಮಿಗಿಲು. (ಗ್ರಾಸ್ ಟನ್ ಎಂಬುದು ಹಡಗಿನ ಭಾರವನ್ನಲ್ಲ, ಒಳಗಿನ ಒಟ್ಟು ಅವಕಾಶವನ್ನು ಅಳೆಯುವ ಮಾನ.) ಅದು 6,700ಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರಬಲ್ಲುದು, ಸಿಬ್ಬಂದಿಯವರು ಬೇರೆ 2,000ಕ್ಕೂ ಮೇಲ್ಪಟ್ಟು. ಒಂದು ಹೋಬಳಿಯ ಪೇಟೆಯೇ ಎದ್ದು ನೀರಿನ ಮೇಲೆ ತೇಲುತ್ತ ಬಂದಂತೆ ಆಯಿತು. ಇಂಥ ನೌಕೆಗಳ ಏಳು ರಾತ್ರಿಗಳ ಯಾನದಲ್ಲಿ ಜಿನೋವ, ನೇಪಲ್ಸ್, ಮೆಸ್ಸಿನಾ, ವ್ಯಾಲೆಟಾ, ಬಾರ್ಸಿಲೋನಾ, ಮಾರ್ಸೇಲ್ಸ್ ಎಂದು ಆರು ಬಂದರುಗಳು ಬಂದು ಹೋಗುವುದುಂಟು. ಬಂದರುಗಳ ಸಂಖ್ಯೆ ಹೆಚ್ಚಿದಷ್ಟೂ ಕೊಟ್ಟ ಹಣಕ್ಕೆ ಬೆಲೆ ಹೆಚ್ಚು ಬಂದಿತೆಂದು ಪ್ರಯಾಣಿಕನು ಭಾವಿಸುತ್ತಾನೆ. ವಿಚಾರ ಮಾಡಬೇಕಾದ ಸ್ಥಾನ ಇದೇ.

ಮೊದಲು ಈ ಪದ್ಧತಿಯ ಪರವಾಗಿ ಹೇಳಬಹುದಾದುದನ್ನು ನ್ಯಾಯವಾಗಿ ಹೇಳಬೇಕು. ಯೂರೋಪು ಖಂಡದ ಮೂರು ನಾಲ್ಕು ದೇಶಗಳನ್ನು ರೈಲು, ಬಸ್ಸು, ವಸತಿಗೃಹಗಳ ಮೂಲಕ ಸುತ್ತುವವನು ಎರಡು ದಿನಕ್ಕೊಮ್ಮೆ ಪೆಟ್ಟಿಗೆ ಕಟ್ಟಿ ಬಿಚ್ಚಬೇಕು, ಮೆಟ್ಟಿಲು ಹತ್ತಬೇಕು, ಭಾಷೆ ಬಾರದ ಊರಿನಲ್ಲಿ ಊಟ ಹುಡುಕಬೇಕು. ನೌಕೆಯಲ್ಲಾದರೋ ಒಮ್ಮೆ ಬಿಚ್ಚಿದ ಪೆಟ್ಟಿಗೆಯನ್ನು ಮರಳಿ ಕಟ್ಟುವುದು ಕಡೆಯ ದಿನವೇ. ಮಲಗಿದ ಕೊಠಡಿಯೇ ರಾತ್ರಿ ಮುಂದಿನ ದೇಶಕ್ಕೆ ಸಾಗುತ್ತದೆ. ವೈದ್ಯರಿರುತ್ತಾರೆ, ಗಾಲಿಕುರ್ಚಿಗೆ ದಾರಿಯಿರುತ್ತದೆ, ಊಟದ ಖರ್ಚು ಮೊದಲೇ ಗೊತ್ತಾಗಿರುತ್ತದೆ. ಮಂಡಿನೋವಿನ ತಾಯಿಯನ್ನೂ ಎಳೆಯ ಮಗುವನ್ನೂ ಒಟ್ಟಿಗೆ ಕರೆದೊಯ್ಯಬೇಕಾದ ಕುಟುಂಬಕ್ಕೆ ಇವು ಸಣ್ಣ ಅನುಕೂಲಗಳಲ್ಲ. ಇದಿಲ್ಲದಿದ್ದರೆ ಆ ತಾಯಿ ರೋಮ್ ನಗರವನ್ನು ಎಂದಿಗೂ ಕಾಣಲಾರಳು. ಆದುದರಿಂದ ವಿಹಾರನೌಕೆಯೆಂದೊಡನೆ ಮೂಗು ಮುರಿಯುವುದು ಶಕ್ತರ ಗರ್ವವಾದೀತೇ ಹೊರತು ವಿವೇಕವಾಗದು.

ಇನ್ನು ಪ್ರತಿಪಕ್ಷವನ್ನು ನೋಡಬೇಕು. ಹಡಗಿನ ಕರಪತ್ರದಲ್ಲಿ ‘ರೋಮ್’ ಎಂದು ಅಚ್ಚಾಗಿರುತ್ತದೆ. ಹಡಗು ನಿಲ್ಲುವುದು ಚಿವಿಟಾವೆಕಿಯಾ ಎಂಬ ಬಂದರಿನಲ್ಲಿ. ಅಲ್ಲಿಂದ ರೋಮ್ ನಗರ ಸುಮಾರು 70–80 ಕಿಲೋಮೀಟರ್ ದೂರ. ‘ಫ್ಲಾರೆನ್ಸ್’ ಎಂದರೆ ಲಿವೋರ್ನೋ. ನಡುವಣ ಅಂತರ ಸುಮಾರು 90 ಕಿಲೋಮೀಟರ್. ‘ವೆನಿಸ್’ ಎಂದು ಹೆಸರಿಸಿದ ಎಷ್ಟೋ ಯಾನಗಳು ಈಗ ರಾವೆನ್ನಾದಲ್ಲಿಯೋ ಟ್ರಿಯೆಸ್ಟೆಯಲ್ಲಿಯೋ ನಿಲ್ಲುತ್ತವೆ. ಬೆಳಗ್ಗೆ ಎಂಟಕ್ಕೆ ಧಕ್ಕೆಗೆ ತಾಗಿ ಸಂಜೆ ಆರಕ್ಕೆ ಹೊರಡುವ ಹಡಗು ಹತ್ತು ಗಂಟೆ ನಿಂತಂತಾಯಿತು. ಸಾವಿರಾರು ಜನ ಇಳಿಯುವುದಕ್ಕೆ ಒಂದು ಗಂಟೆ, ಹೋಗುವುದಕ್ಕೂ ಬರುವುದಕ್ಕೂ ಕೂಡಿ ಮೂರು ಗಂಟೆ, ಹೊರಡುವ ಮುನ್ನ ಹತ್ತಿ ಕೂಡಬೇಕಾದ ಎಚ್ಚರಿಕೆಯ ಒಂದು ಗಂಟೆ—ಇಷ್ಟನ್ನು ಕಳೆದರೆ ಉಳಿಯುವುದು ಐದೇ ಗಂಟೆ. ಹಡಗಿನವರೇ ಏರ್ಪಡಿಸಿದ ಬಸ್ಸು ತಡವಾದರೆ ಹಡಗು ಕಾಯುವುದು ವಾಡಿಕೆ. ಸ್ವಂತವಾಗಿ ಹೋದವನಿಗಾಗಿ ಅದು ಕಾಯುವುದಿಲ್ಲ. ಗಡಿಯಾರವನ್ನು ನೋಡುತ್ತ ನೋಡುತ್ತ ಎರಡು ಸಾವಿರ ವರ್ಷಗಳ ನಗರವನ್ನು ನೋಡಬೇಕಾದ ಅವಸ್ಥೆ ಇದು. ವಿಚಿತ್ರವೆಂದರೆ, ಎಲ್ಲರೂ ಬೆನ್ನು ತಿರುಗಿಸಿ ಓಡುವ ಆ ಚಿವಿಟಾವೆಕಿಯಾ ಬಂದರನ್ನೇ ರೋಮಿನ ಚಕ್ರವರ್ತಿ ಟ್ರಾಜನನು ಎರಡನೆಯ ಶತಮಾನದ ಆದಿಯಲ್ಲಿ ಕಟ್ಟಿಸಿದನು. ರೋಮನ್ನು ಹುಡುಕಿ ಹೊರಟವರು ರೋಮಿನ ಕಟ್ಟಡದ ಪಕ್ಕದಿಂದಲೇ ಬಸ್ಸು ಹತ್ತುತ್ತಾರೆ.

ಇದು ಪ್ರಯಾಣಿಕನ ನಷ್ಟ. ಊರಿನವರ ಪಾಡು ಬೇರೆಯೇ ಇದೆ. 5,000 ಜನ ಒಮ್ಮೆಗೇ ಇಳಿದರೆ, ಬಸ್ಸಿಗೆ 50 ಜನರಂತೆ ಹಿಡಿದರೂ 100 ಬಸ್ಸು ಬೇಕು. ಇವರು ಬೆಳಗಿನ ಉಪಾಹಾರವನ್ನೂ ರಾತ್ರಿಯ ಊಟವನ್ನೂ ಹಡಗಿನಲ್ಲಿಯೇ ಮಾಡುತ್ತಾರೆ, ಮಲಗುವುದೂ ಅಲ್ಲಿಯೇ. ಹೀಗೆ ಊರಿನ ಬೀದಿಯನ್ನು ತುಂಬುವವರು ಊರಿನ ಅಡುಗೆಮನೆಗೂ ವಸತಿಗೃಹಕ್ಕೂ ಸಲ್ಲಿಸುವುದು ಸ್ವಲ್ಪವೇ. ಗ್ರೀಸಿನ ಸಾಂಟೊರಿನಿ ದ್ವೀಪದ ನಿವಾಸಿಗಳು ಸುಮಾರು 15,000. ಅಲ್ಲಿ ದೊಡ್ಡ ಹಡಗುಗಳು ದೂರದಲ್ಲಿ ನಿಂತು ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸುತ್ತವೆ. ಹಳೆಯ ಬಂದರಿನಿಂದ ಮೇಲಣ ಊರಿಗೆ ಹೋಗಲು ತೂಗುತೊಟ್ಟಿಲಿನಂಥ ಕೇಬಲ್ ಕಾರನ್ನೋ ಹೇಸರಗತ್ತೆ ಕತ್ತೆಗಳನ್ನೋ ಏರಬೇಕು, ಇಲ್ಲವೆ ಸುಮಾರು 600 ಮೆಟ್ಟಿಲು ಹತ್ತಬೇಕು. ಅಲ್ಲಿ 2025ರಿಂದ ಹಡಗಿನ ಪ್ರಯಾಣಿಕರ ಸಂಖ್ಯೆಯನ್ನು ದಿನಕ್ಕೆ 8,000ಕ್ಕೆ ಮಿತಿಗೊಳಿಸಲಾಯಿತು. ಕ್ರೊಯೇಷಿಯದ ಡುಬ್ರೊವ್ನಿಕ್ 2019ರಿಂದ ಏಕಕಾಲಕ್ಕೆ ಎರಡು ಹಡಗುಗಳೆಂಬ ಮಿತಿಯನ್ನು ಇಟ್ಟುಕೊಂಡಿತು. ಸ್ಪೇನಿನ ಪಾಲ್ಮಾ 2022ರಿಂದ ದಿನಕ್ಕೆ ಮೂರು ಹಡಗುಗಳೆಂದು ಗೊತ್ತುಮಾಡಿತು. ಬಾರ್ಸಿಲೋನಾ ತನ್ನ ಏಳು ವಿಹಾರನೌಕಾ ನಿಲ್ದಾಣಗಳನ್ನು 2030ರ ಹೊತ್ತಿಗೆ ಐದಕ್ಕಿಳಿಸಲು 2025ರಲ್ಲಿ ನಿಶ್ಚಯಿಸಿತು. ವೆನಿಸ್ ನಗರದ ಕಾಲುವೆಯಲ್ಲಿ 2019ರ ಜೂನ್ 2ರಂದು ದೊಡ್ಡ ನೌಕೆಯೊಂದು ಹಿಡಿತ ತಪ್ಪಿ ಧಕ್ಕೆಗೂ ಪ್ರವಾಸಿ ದೋಣಿಗೂ ಬಡಿಯಿತು. 2021ರ ಆಗಸ್ಟ್ 1ರಿಂದ 25,000 ಗ್ರಾಸ್ ಟನ್ನಿಗೆ ಮೇಲ್ಪಟ್ಟ ಹಡಗುಗಳು ಜ್ಯುಡೆಕ್ಕಾ ಕಾಲುವೆಯನ್ನು ಪ್ರವೇಶಿಸದಂತೆ ಇಟಲಿಯ ಸರ್ಕಾರ ನಿಷೇಧಿಸಿತು. ಆ ಐತಿಹಾಸಿಕ ನಗರದಲ್ಲಿ 1951ರಲ್ಲಿ ಸುಮಾರು 1,75,000 ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಇದಕ್ಕೆ ಹಡಗುಗಳೊಂದೇ ಕಾರಣವಲ್ಲ; ಆದರೆ ನೋಡುವವರು ಹೆಚ್ಚಿ ಬಾಳುವವರು ಕಡಮೆಯಾದ ಊರು ಕ್ರಮೇಣ ರಂಗಸಜ್ಜಿಕೆಯಾಗಿಬಿಡುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ಕಡಲಿಗೂ ಇದರ ಭಾರವಿದೆ. ಮೆಡಿಟರೇನಿಯನ್ ಬಹುಮಟ್ಟಿಗೆ ಮುಚ್ಚಿದ ಕಡಲು. ಜಿಬ್ರಾಲ್ಟರಿನ ಬಳಿ ಅದರ ಬಾಯಿ ಸುಮಾರು 14 ಕಿಲೋಮೀಟರಿನಷ್ಟೇ ಅಗಲ. ಆದುದರಿಂದ ಅದರ ನೀರು ಬದಲಾಗುವುದು ಬಹು ನಿಧಾನ. 2025ರ ಮೇ 1ರಿಂದ ಈ ಕಡಲಿನಲ್ಲಿ ಸಂಚರಿಸುವ ಹಡಗುಗಳ ಇಂಧನದಲ್ಲಿ ಗಂಧಕದ ಅಂಶ ಶೇಕಡಾ 0.1ನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದುದು ಸ್ವಾಗತಾರ್ಹ. ಧಕ್ಕೆಯಲ್ಲಿ ನಿಂತಾಗಲೂ ದೀಪಕ್ಕೆ, ಅಡುಗೆಗೆ, ತಂಪಿಗೆ ಹಡಗು ತನ್ನ ಯಂತ್ರಗಳನ್ನು ನಡೆಸುತ್ತಲೇ ಇರಬೇಕಾದುದರಿಂದ, ದಡದಿಂದಲೇ ವಿದ್ಯುತ್ತನ್ನು ಪಡೆಯಬೇಕೆಂಬ ನಿಯಮವು ಯೂರೋಪಿನ ಪ್ರಮುಖ ಬಂದರುಗಳಲ್ಲಿ 2030ರಿಂದ ಅನ್ವಯವಾಗಲಿದೆ.

ಪ್ರಯಾಣಿಕನ ಸುಖದ ಹಿಂದೆ ದುಡಿಯುವವರನ್ನೂ ಮರೆಯಲಾಗದು. ಇಂಥ ನೌಕೆಗಳಲ್ಲಿ ಫಿಲಿಪೈನ್ಸ್, ಇಂಡೋನೇಷ್ಯಾಗಳವರೊಡನೆ ಗೋವೆ, ಮಂಗಳೂರು ಕಡೆಯ ತರುಣರೂ ದುಡಿಯುತ್ತಾರೆ. ತಿಂಗಳುಗಟ್ಟಲೆ ಮನೆಯಿಂದ ದೂರವಿದ್ದು, ವಾರದ ರಜೆಯೆಂಬುದನ್ನು ಕಾಣದೆ ಕೆಲಸ ಮಾಡುವುದು ಅವರಲ್ಲಿ ಸಾಮಾನ್ಯ. 2006ರ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಡಂಬಡಿಕೆಯಂತೆ ದಿನದ ದುಡಿಮೆ 14 ಗಂಟೆಯನ್ನೂ ವಾರದ ದುಡಿಮೆ 72 ಗಂಟೆಯನ್ನೂ ಮೀರಬಾರದು, ಇಲ್ಲವೆ ದಿನದ ವಿಶ್ರಾಂತಿ 10 ಗಂಟೆಗೆ ಕಡಮೆಯಾಗಬಾರದು. ಮಿತಿಯೇ ಅಷ್ಟಿರುವಾಗ ದುಡಿಮೆ ಎಷ್ಟೆಂಬುದನ್ನು ಊಹಿಸಬಹುದು. ಅನ್ನ ಬಡಿಸಿದ ಕೈಯ ಹೆಸರನ್ನು ಕೇಳಿ ತಿಳಿಯುವಷ್ಟು ಸೌಜನ್ಯ ಪ್ರವಾಸಿಗೆ ಇರತಕ್ಕದ್ದು.

ನೋಟದ ಆಸೆ ಮಿತಿಮೀರಿದರೆ ಆಗುವ ಅನರ್ಥಕ್ಕೆ ‘ಕೋಸ್ಟಾ ಕಾಂಕಾರ್ಡಿಯಾ’ ದುರಂತವೇ ಸಾಕ್ಷಿ. 2012ರ ಜನವರಿ 13ರಂದು ಚಿವಿಟಾವೆಕಿಯಾದಿಂದ ಹೊರಟ ಆ ನೌಕೆ, ಜಿಲಿಯೋ ದ್ವೀಪಕ್ಕೆ ವಂದನೆ ಸಲ್ಲಿಸುವ ನೆಪದಲ್ಲಿ ತೀರಕ್ಕೆ ತೀರ ಹತ್ತಿರ ಸಾಗಿ ಬಂಡೆಗೆ ತಾಗಿತು. 32 ಜನ ಮಡಿದರು. ಅಂದು ಹತ್ತಿದ ಪ್ರಯಾಣಿಕರಿಗೆ ಆಪತ್ಕಾಲದ ಅಭ್ಯಾಸ ಇನ್ನೂ ನಡೆದಿರಲಿಲ್ಲ. ಹಡಗು ಹೊರಡುವ ಮುನ್ನವೇ, ಇಲ್ಲವೆ ಹೊರಟೊಡನೆಯೇ ಆ ಅಭ್ಯಾಸ ನಡೆಯಬೇಕೆಂಬ ನಿಯಮ ಮುಂದೆ ಬಂದಿತು. ಅದನ್ನು ಬೇಸರದ ಕಟ್ಟಳೆಯೆಂದು ತಪ್ಪಿಸಿಕೊಳ್ಳುವವರು ಈ ಘಟನೆಯನ್ನು ನೆನೆಯಬೇಕು.

ಪೂರ್ವಕಾಲದ ಸಮುದ್ರಯಾನದೊಡನೆ ಹೋಲಿಸಿದಾಗ ಇಂದಿನ ಯಾನದ ಕೊರತೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ, ಸುಮಾರು ಎರಡನೆಯ ಶತಮಾನದ ಗ್ರೀಕ್ ಪ್ರಹಸನವೊಂದು ಕನ್ನಡ ವಿದ್ವಾಂಸರಿಗೆ ಚಿರಪರಿಚಿತ. ಭಾರತದ ಕರಾವಳಿಯಲ್ಲಿ ಸಿಕ್ಕಿಕೊಂಡ ಗ್ರೀಕ್ ಯುವತಿಯ ಕಥೆ ಅದು. ಅದರಲ್ಲಿ ಬರುವ ಪರಭಾಷೆಯ ಮಾತುಗಳು ಕನ್ನಡವೆಂದು ಹುಲ್ಟ್ಶ್, ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ವಾದಿಸಿದರು. ಒಪ್ಪದ ವಿದ್ವಾಂಸರೂ ಉಂಟು. ವಾದವು ಹೇಗೇ ಇರಲಿ, ಮೆಡಿಟರೇನಿಯನ್ನಿನ ದಂಡೆಯ ನಾಟಕಕಾರನೊಬ್ಬನು ದೂರದ ದೇಶದ ನುಡಿಯನ್ನು ರಂಗದ ಮೇಲೆ ಆಡಿಸಬಯಸಿದನೆಂಬುದು ವಿಚಾರಾರ್ಹ. ಅಂದಿನ ನಾವಿಕರು ಮಾರುತ ತಿರುಗುವವರೆಗೆ ತಿಂಗಳುಗಟ್ಟಲೆ ಪರದೇಶದ ಬಂದರಿನಲ್ಲಿ ಕಾಯಬೇಕಾಗಿತ್ತು. ಕಾಯುವಾಗ ಮಾತು ಕಿವಿಗೆ ಬೀಳುತ್ತಿತ್ತು, ಕೊಡುಕೊಳ್ಳುವಿಕೆ ನಡೆಯುತ್ತಿತ್ತು. ಇಂದಿನವನು ಆರು ಬಂದರುಗಳನ್ನು ಕಂಡು ಆರು ನುಡಿಗಳಲ್ಲಿ ಒಂದು ಪದವನ್ನೂ ಹೊತ್ತು ತರುವುದಿಲ್ಲ.

ಹಾಗಾದರೆ ತೀರ್ಮಾನವೇನು? ಹಡಗನ್ನು ತೊರೆಯಬೇಕೆಂದಲ್ಲ, ಎಣಿಕೆಯನ್ನು ತೊರೆಯಬೇಕೆಂಬುದೇ ತೀರ್ಮಾನ. ಯಾನವನ್ನು ಆರಿಸುವಾಗ ಬಂದರುಗಳ ಸಂಖ್ಯೆಯನ್ನಲ್ಲ, ಪ್ರತಿ ಬಂದರಿನಲ್ಲಿ ಹಡಗು ನಿಲ್ಲುವ ಗಂಟೆಗಳನ್ನೂ ಬಂದರಿನಿಂದ ಊರಿಗಿರುವ ದೂರವನ್ನೂ ನೋಡಬೇಕು. ಧಕ್ಕೆಯಿಂದಿಳಿದು ನಡೆದೇ ಸೇರಬಹುದಾದ ಊರುಗಳು ಹಲವಿವೆ. ಮಾಲ್ಟಾದ ವ್ಯಾಲೆಟಾದಲ್ಲಿ ಕೋಟೆಯ ಗೋಡೆಯ ಬುಡದಲ್ಲಿಯೇ ಹಡಗು ನಿಲ್ಲುತ್ತದೆ. 1566ರಲ್ಲಿ ಅಸ್ತಿಭಾರ ಹಾಕಿದ ಆ ನಗರದ ಸಂತ ಜಾನರ ದೇವಾಲಯದಲ್ಲಿ ಕಾರಾವಾಜ್ಜೋ 1608ರಲ್ಲಿ ಬರೆದ ಮಹಾಚಿತ್ರದ ಮುಂದೆ ಒಂದು ಗಂಟೆ ನಿಂತರೆ ಆ ದಿನ ಸಾರ್ಥಕ. ನೇಪಲ್ಸಿನಲ್ಲಿ ಪಾಂಪೆ, ಕಾಪ್ರಿ ಎರಡನ್ನೂ ಒಂದೇ ದಿನಕ್ಕೆ ತುರುಕುವ ಬದಲು ಪಾಂಪೆಯೊಂದನ್ನೇ ನೋಡಬಹುದು. ಅಲ್ಲಿಯೂ 2024ರ ನವೆಂಬರಿನಿಂದ ದಿನಕ್ಕೆ 20,000 ಜನರೆಂಬ ಮಿತಿ ಬಂದಿರುವುದರಿಂದ ಮುಂಚಿತವಾಗಿ ಚೀಟಿ ಪಡೆಯಬೇಕು. ರೋಮ್, ಫ್ಲಾರೆನ್ಸ್, ವೆನಿಸ್‌ಗಳಾದರೋ ಐದು ಗಂಟೆಗೆ ಒಗ್ಗುವ ಊರುಗಳಲ್ಲ. ಅವುಗಳಲ್ಲಿ ಯಾವುದಾದರೊಂದರಲ್ಲಿ ಹಡಗು ಹತ್ತುವ ಮುನ್ನವೋ ಇಳಿದ ಮೇಲೆಯೋ ಮೂರು ದಿನ ತಂಗುವುದು ಲೇಸು. ಭಾರತೀಯರಿಗೆ ಷೆಂಗೆನ್ ವೀಸಾ ಹೇಗೂ ಬೇಕೇ ಬೇಕು. ಯಾನವು ನಡುವೆ ಆ ದೇಶಗಳ ಗಡಿಯನ್ನು ದಾಟಿ ಮರಳುವುದಾದರೆ ಹಲವು ಬಾರಿ ಪ್ರವೇಶಿಸಬಹುದಾದ ವೀಸಾವನ್ನೇ ಪಡೆಯಬೇಕು. ಇಷ್ಟು ಶ್ರಮಪಟ್ಟು ಪಡೆದ ಅನುಮತಿಯನ್ನು ಬಸ್ಸಿನ ಕಿಟಕಿಯಲ್ಲಿ ಕಳೆಯುವುದು ಜಾಣತನವಲ್ಲ.

ಬೇಸಗೆಯ ನಡುವಣ ಜುಲೈ, ಆಗಸ್ಟ್ ತಿಂಗಳುಗಳನ್ನು ಬಿಟ್ಟು ಏಪ್ರಿಲ್ ಅಥವಾ ಅಕ್ಟೋಬರಿನಲ್ಲಿ ಹೋದರೆ ಪ್ರಯಾಣಿಕನಿಗೂ ನೆಮ್ಮದಿ, ಊರಿನವರಿಗೂ ಉಸಿರು. ಹಡಗಿನಲ್ಲಿ ಉಚಿತವೆನಿಸುವ ಊಟ ಕಾದಿದ್ದರೂ ಮಧ್ಯಾಹ್ನದ ಒಂದು ಊಟವನ್ನು ಊರಿನ ಸಣ್ಣ ಅಂಗಡಿಯಲ್ಲಿ ಮಾಡುವುದು ಆತಿಥ್ಯಕ್ಕೆ ಸಲ್ಲಿಸುವ ನ್ಯಾಯವಾದ ಕಾಣಿಕೆ. ಊರಿನವರು ಮಿತಿ ಹಾಕಿದರೆಂದು, ಸುಂಕ ವಿಧಿಸಿದರೆಂದು ಮುನಿಯಲಾಗದು. ತಮ್ಮ ಮನೆಯ ಜಗಲಿಯಲ್ಲಿ ದಿನವೂ ಸಾವಿರ ಜನ ಕುಳಿತೆದ್ದು ಹೋಗುವುದನ್ನು ಯಾವ ಮನೆಯೊಡೆಯನೂ ಬಹುಕಾಲ ಸಹಿಸಲಾರನು.

ಇದನ್ನೋದುವ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಆ ಕಡಲನ್ನು ಕಾಣುವರು. ಕೆಲವರು ಆ ಹಡಗುಗಳಲ್ಲಿ ದುಡಿಯಲೂಬಹುದು. ಹೊರಡುವ ಮುನ್ನ ಹೋಗಲಿರುವ ಊರೊಂದರ ಚರಿತ್ರೆಯನ್ನಾದರೂ ಓದಿ, ಆ ಊರಿನ ಭಾಷೆಯಲ್ಲಿ ವಂದನೆಯ ಎರಡು ಮಾತನ್ನಾದರೂ ಕಲಿತು ಹೊರಟರೆ, ಸುತ್ತುವುದೂ ಓದುವುದೂ ಒಂದೇ ಕಾರ್ಯದ ಎರಡು ಮುಖಗಳಾಗುತ್ತವೆ. ಮರಳಿ ಬಂದಾಗ ಎಷ್ಟು ಊರು ಕಂಡೆಯೆಂದು ನೆರೆಯವರು ಕೇಳಿದರೆ ಒಂದನ್ನು ಕಂಡೆನೆಂದು ಸಂಕೋಚವಿಲ್ಲದೆ ಹೇಳಿ, ಆ ಒಂದನ್ನು ಕೇಳುವವರ ಕಣ್ಣಿಗೆ ಕಟ್ಟುವಂತೆ ವರ್ಣಿಸಬಲ್ಲವನೇ ನಿಜವಾದ ಪ್ರವಾಸಿ.